ರೈಲು ತಡವಾದರೆ ನಹುಷ ಸಿಗುತ್ತಾನೆ

ಪುರಾಣದ ಕಾದಂಬರಿ ಓದುವವನನ್ನು ಕಂಡರೆ ನಮ್ಮ ಕಡೆ ಎರಡು ಮಾತು ಯಾವಾಗಲೂ ತಯಾರಿರುತ್ತವೆ. ಅಡಿಕೆ ತೋಟ ಇದ್ದವರು ‘ಪುರುಸೊತ್ತು ಜಾಸ್ತಿಯಾಗಿದೆ’ ಅನ್ನುತ್ತಾರೆ. ನಾಲ್ಕಕ್ಷರ ಹೆಚ್ಚು ಕಲಿತವರು ‘ಅದೆಲ್ಲ ಪಲಾಯನ’ ಅನ್ನುತ್ತಾರೆ. ನಾನು ನೆಟ್ಟಣದಲ್ಲಿ ಬಾಡಿಗೆ ಜೀಪು ಓಡಿಸುವವನು. ಪುರುಸೊತ್ತಿನ ಮಾತು ನಿಜ, ಅದಕ್ಕೆ ತಕರಾರಿಲ್ಲ. ಎರಡನೆಯ ಮಾತಿಗೆ ಮಾತ್ರ ಉತ್ತರ ಕೊಡಬೇಕು ಅನಿಸಿದೆ.

ನೆಟ್ಟಣ ಅಂದರೆ ಹೊರಗಿನವರಿಗೆ ತಲೆಬುಡ ತಿಳಿಯುವುದಿಲ್ಲ. ರೈಲ್ವೆ ಬೋರ್ಡಿನಲ್ಲಿ ಇರುವುದು ಸುಬ್ರಹ್ಮಣ್ಯ ರೋಡ್. ಕುಕ್ಕೆಗೆ ಹೋಗುವವರು ಇಲ್ಲಿಳಿದು ಜೀಪೋ ಬಸ್ಸೋ ಹಿಡಿದು ಕೈಕಂಬ, ಕುಲ್ಕುಂದ ದಾಟಬೇಕು. ಇಲ್ಲಿಂದ ಮೇಲೆ ಸಕಲೇಶಪುರದವರೆಗೆ ಬರೀ ಘಾಟಿ, 57 ಸುರಂಗ. ಮೇಲಿಂದ ಇಳಿಯುವ ರೈಲು ಯಾವಾಗ ಬರುತ್ತದೆ ಎಂಬುದು ಮಳೆಗೂ ಗುಡ್ಡಕ್ಕೂ ಬಿಟ್ಟ ವಿಚಾರ. ಬಂದರೆ ಕಾಲು ಗಂಟೆ ಗದ್ದಲ. ‘ಎಷ್ಟು?’, ‘ಅಷ್ಟಾ? ಹೋದ ಸಲ ಇಷ್ಟಿರಲಿಲ್ಲ’, ‘ಹಿಂದೆ ಇಬ್ಬರನ್ನು ಹತ್ತಿಸಿಕೊಳ್ಳಿ ಡ್ರೈವರೇ’. ಆಮೇಲೆ ಸ್ಟ್ಯಾಂಡಿನಲ್ಲಿ ಉಳಿಯುವುದು ನಾವು ಮತ್ತು ನಮ್ಮ ಸಾಲದ ಕಂತು. ಆ ಹೊತ್ತಿಗೆ ಸೀಟಿನ ಅಡಿಯಿಂದ ದೇವುಡು ಹೊರಗೆ ಬರುತ್ತಾರೆ.

ದೇವುಡು ನರಸಿಂಹಶಾಸ್ತ್ರಿಗಳ ಮೂರು ಪುಸ್ತಕ ನನ್ನಲ್ಲಿವೆ: ‘ಮಹಾಬ್ರಾಹ್ಮಣ’, ‘ಮಹಾಕ್ಷತ್ರಿಯ’, ‘ಮಹಾದರ್ಶನ’. 2024ರ ಜುಲೈ ಕೊನೆಗೆ ಯಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಬುಡದ ಮಣ್ಣು ಜಾರಿ ರೈಲುಗಳೆಲ್ಲ ನಿಂತವಲ್ಲ, ಆಗ ಬಾಡಿಗೆಯೇ ಇಲ್ಲದೆ ‘ಮಹಾಕ್ಷತ್ರಿಯ’ವನ್ನು ಮತ್ತೊಮ್ಮೆ ಮೊದಲಿನಿಂದ ಓದಿದೆ. ನಹುಷನ ಕಥೆ ಅದು. ವೃತ್ರನನ್ನು ಕೊಂದ ಪಾಪಕ್ಕೆ ಹೆದರಿ ಇಂದ್ರ ತಾವರೆಯ ದಂಟಿನೊಳಗೆ ಅಡಗಿ ಕೂತ ಎನ್ನುತ್ತದೆ ಪುರಾಣ. ಖಾಲಿಯಾದ ಸಿಂಹಾಸನಕ್ಕೆ ಭೂಮಿಯ ಒಬ್ಬ ರಾಜನನ್ನು ಕರೆತಂದು ಕೂರಿಸುತ್ತಾರೆ. ಕೊನೆಗೆ ಅವನು ಋಷಿಗಳಿಂದ ಪಲ್ಲಕ್ಕಿ ಹೊರಿಸಿ, ಅಗಸ್ತ್ಯರ ಶಾಪಕ್ಕೆ ಸಿಕ್ಕಿ ಹೆಬ್ಬಾವಾಗಿ ನೆಲಕ್ಕೆ ಬೀಳುತ್ತಾನೆ. ಹೊರುವವರನ್ನು ‘ಬೇಗ, ಬೇಗ’ ಎಂದು ಗದರುವವರು ನನ್ನ ಜೀಪಿನಲ್ಲೂ ದಿನಾ ಕೂರುತ್ತಾರೆ. ಅವರಿಗೆ ಶಾಪ ಕೊಡುವ ತಪಸ್ಸು ನನ್ನಲ್ಲಿಲ್ಲ. ಪುಸ್ತಕದಲ್ಲಿ ಒಬ್ಬರು ಕೊಟ್ಟಿದ್ದಾರೆ ಎಂಬುದೇ ಸಮಾಧಾನ.

ಇದನ್ನು ಪಲಾಯನ ಎನ್ನುವುದಾದರೆ ಎನ್ನಲಿ. ನಮ್ಮ ಕ್ಷೇತ್ರದ ಕಥೆಯೇ ಅಂಥದ್ದು. ಗರುಡನಿಂದ ತಪ್ಪಿಸಿಕೊಳ್ಳಲು ವಾಸುಕಿ ಬಂದು ಸೇರಿದ್ದು ಕುಕ್ಕೆಯ ಬಿಲದ್ವಾರಕ್ಕೆ. ಅಡಗಿದವನು ಅಲ್ಲಿ ತಪಸ್ಸು ಮಾಡಿದ, ಇವತ್ತು ಅವನಿಗೆ ಪೂಜೆ. ಆ ಗುಹೆಯನ್ನು ನೋಡಲು ಜನ ನನ್ನ ಜೀಪಿನಲ್ಲಿ ಹೋಗುತ್ತಾರೆ. ಅವರಲ್ಲಿ ಒಬ್ಬರೂ ವಾಸುಕಿಯನ್ನು ಹೇಡಿ ಅಂದದ್ದು ನಾನು ಕೇಳಿಲ್ಲ.

ನಮಗೆ ತಪ್ಪಿಸಿಕೊಳ್ಳಬೇಕಾದ ಸಂಗತಿಗಳೇನು ಕಡಿಮೆಯೇ? ಸುಳ್ಯದ ಕಡೆ ಹಳದಿ ರೋಗ ತೋಟಕ್ಕೆ ತೋಟವನ್ನೇ ತಿಂದಿತು. ಈಗ ಎಲೆಚುಕ್ಕಿ. ಮೈಲುತುತ್ತು ಹೊಡೆಯಲು ಮರ ಹತ್ತುವವರು ಸಿಗುವುದಿಲ್ಲ. 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಕಾಡಾನೆ ಇಬ್ಬರನ್ನು ಕೊಂದ ಮೇಲೆ, ರಾತ್ರಿ ಬಾಡಿಗೆ ಅಂದರೆ ಮನೆಯವಳು ಬಾಗಿಲಲ್ಲೇ ನಿಂತಿರುತ್ತಾಳೆ. ಇವು ಯಾವುವೂ ಪುಸ್ತಕ ಮುಚ್ಚಿದ ಕೂಡಲೇ ಮಾಯವಾಗುವುದಿಲ್ಲ, ಅದು ನಮಗೂ ಗೊತ್ತು. ಓದುವವನು ಅಷ್ಟು ದಡ್ಡನಲ್ಲ ಮಾರಾಯ್ರೆ.

ಬಯಲಾಟಕ್ಕೆ ಹೋದವನನ್ನು ಯಾರಾದರೂ ಪಲಾಯನವಾದಿ ಎಂದು ಕರೆದದ್ದುಂಟೆ? ಕಟೀಲು ಮೇಳದ ‘ಶ್ರೀ ದೇವಿ ಮಹಾತ್ಮೆ’ಯಲ್ಲಿ ಮಹಿಷಾಸುರ ಬರುವುದು ಚೌಕಿಯಿಂದ ನೇರ ರಂಗಸ್ಥಳಕ್ಕಲ್ಲ, ಜನರ ನಡುವಿನಿಂದ. ಮುಂದೆ ದೊಂದಿ ಹಿಡಿದವರು. ರಾಳ ಎರಚಿದ ಹಾಗೆ ಬೆಂಕಿ ಭಗ್ಗೆಂದು ಎದ್ದು ಆ ಕೋಡು, ಆ ಕಣ್ಣು ಒಂದು ಕ್ಷಣ ಕಂಡು ಮತ್ತೆ ಹೊಗೆಯಲ್ಲಿ ಹೋಗುತ್ತವೆ. ಚಾಪೆಯ ಮೇಲೆ ನಿದ್ದೆ ಹೋಗಿದ್ದ ಮಕ್ಕಳು ಎದ್ದು ಅಮ್ಮನ ಸೆರಗಿನೊಳಗೆ ನುಗ್ಗುತ್ತವೆ. ಚೆಂಡೆಯ ಪೆಟ್ಟು ಎದೆಗೇ ಬೀಳುತ್ತದೆ. ಅಲ್ಲಿ ಕೂತ ರಬ್ಬರ್ ಟ್ಯಾಪಿಂಗಿನವನಿಗೆ ಬೆಳಗ್ಗೆ ಬೇಗನೆ ಮರದ ಬುಡದಲ್ಲಿರಬೇಕು ಎಂಬುದು ಮರೆತಿರುವುದಿಲ್ಲ. ಹೋಗಿಯೇ ಹೋಗುತ್ತಾನೆ.

ತಾಳಮದ್ದಳೆಯಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೀ ಮಾತು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಪ್ರಶ್ನೆ ಮಾಡುವಾಗ ದಿನಾ ರಾಮನಾಮ ಹೇಳುವ ಹಿರಿಯರೇ ತಲೆದೂಗುತ್ತಿದ್ದರು. ಭಕ್ತಿಯೂ ಉಳಿಯಿತು, ಪ್ರಶ್ನೆಯೂ ಉಳಿಯಿತು. ಪುಷ್ಪಕ ವಿಮಾನ ನಿಜವಾಗಿ ಹಾರುತ್ತಿತ್ತು ಎಂದು ಜೀಪಿನ ಮುಂದಿನ ಸೀಟಿನಲ್ಲಿ ಕೂತು ಕೈಕಂಬದವರೆಗೆ ವಾದ ಮಾಡುವವರು ಕಥೆಯನ್ನು ಹಾಳು ಮಾಡುವವರು. ಅವರಿಗೆ ಅದ್ಭುತ ಬೇಡ, ಸಾಕ್ಷಿ ಬೇಕು. ಪುರಾಣದ ಓದುಗನಿಂದ ಸಮಾಜಕ್ಕೆ ಕೇಡು ಎನ್ನುವವರು ನಿಜಕ್ಕೂ ಹೆದರುವುದು ಇವರಿಗೆ. ಬೈಗುಳ ಮಾತ್ರ ನಮಗೆ.

ನನ್ನ ದೂರು ಬೇರೆಯೇ ಉಂಟು. ಕನ್ನಡದ ದೊಡ್ಡ ಕಾದಂಬರಿಕಾರರಿಗೆ ಅದ್ಭುತ ಅಂದರೆ ಏನೋ ನಾಚಿಕೆ. ಭೈರಪ್ಪನವರ ‘ಪರ್ವ’ ಬಂದದ್ದು 1979ರಲ್ಲಿ, ಹಾಸನ–ಮಂಗಳೂರು ಹಳಿ ಪೂರ್ತಿಯಾದ ವರ್ಷವೇ. ದೊಡ್ಡ ಪುಸ್ತಕ, ಅನುಮಾನವಿಲ್ಲ. ಆದರೆ ಮಹಾಭಾರತದಿಂದ ವರ, ಶಾಪ, ದೇವತೆಗಳನ್ನು ಹೆಕ್ಕಿ ಹೊರಗಿಟ್ಟು, ಉಳಿದ ಮನುಷ್ಯರ ಬೆವರು ತೋರಿಸಿದರು. ಬೆವರು ನನಗೆ ಹೊಸತಲ್ಲ. ಇನ್ನು ನಮ್ಮ ಪುತ್ತೂರಿನ ಬಾಲವನದಲ್ಲಿ ಬಾಳಿದ ಶಿವರಾಮ ಕಾರಂತರು. ಸುಬ್ರಹ್ಮಣ್ಯದ ಇದೇ ಕಾಡಿನಲ್ಲಿ 1943ರ ‘ಬೆಟ್ಟದ ಜೀವ’ ನಡೆಯುತ್ತದೆ. ಗೋಪಾಲಯ್ಯ ಕಾಡು ಕಡಿದು ತೋಟ ಮಾಡುತ್ತಾರೆ, ಮಗ ಮನೆ ಬಿಟ್ಟು ಹೋಗಿದ್ದಾನೆ. ಅದನ್ನು ಓದಿದರೆ ನಮ್ಮ ಪಕ್ಕದ ಮನೆಯನ್ನೇ ನೋಡಿದ ಹಾಗೆ, ಮಕ್ಕಳೆಲ್ಲ ಬೆಂಗಳೂರಿನಲ್ಲಿ. ಕಾದಂಬರಿಯಲ್ಲಿ ಪವಾಡಕ್ಕೆ ಅಷ್ಟಾಗಿ ಜಾಗ ಕೊಡದ ಅದೇ ಕಾರಂತರು ರಾಕ್ಷಸರು, ಗಂಧರ್ವರು ಕುಣಿಯುವ ಯಕ್ಷಗಾನಕ್ಕೆ ಆಯುಷ್ಯ ಸವೆಸಿದರು. ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದೂ ‘ಯಕ್ಷಗಾನ ಬಯಲಾಟ’ಕ್ಕೆ. ಆ ರಾಕ್ಷಸರಲ್ಲಿ ಒಬ್ಬನನ್ನಾದರೂ ಕಾದಂಬರಿಯೊಳಗೆ ಬಿಡಬಹುದಿತ್ತು ಎಂದು ನನ್ನ ಆಸೆ.

ಕಂಬಾರರು ಬಿಟ್ಟರು. ಶಿವಾಪುರ ಎಂಬ ಊರನ್ನು ಕಟ್ಟಿ ‘ಶಿಖರ ಸೂರ್ಯ’ದಂಥದ್ದನ್ನು ಬರೆದರು. ಅದು ಬಡಗಣ ನಾಡಿನ ಮಾತು. ನಮ್ಮಲ್ಲಿ? ಪಡುಮಲೆಯ ಬಲ್ಲಾಳರ ಕಾಲಿಗೆ ಮುಳ್ಳು ಚುಚ್ಚಿ, ಅದಕ್ಕೆ ಮದ್ದು ಮಾಡಲು ತುಂಬು ಗರ್ಭಿಣಿ ದೇಯಿ ಬೈದೆತಿ ಬಂದಳು. ಅವಳ ಮಕ್ಕಳು ಕೋಟಿ ಚೆನ್ನಯರು ಪಡುಮಲೆ ಬಿಟ್ಟು, ಪಂಜ ಹಾಯ್ದು, ಎಣ್ಮೂರಿನಲ್ಲಿ ಪ್ರಾಣ ಕೊಟ್ಟರು. ಇಡೀ ದಾರಿ ಜೀಪಿನಲ್ಲಿ ಒಂದು ದಿನದ ಬಾಡಿಗೆ. ಪಾಡ್ದನ ಉಂಟು, ಗರಡಿ ಉಂಟು, ತುಳು ಸಿನಿಮಾ ಬಂತು, ಪಂಜೆ ಮಂಗೇಶರಾಯರು ಹಿಂದೆಯೇ ಕನ್ನಡದಲ್ಲಿ ಕಥೆ ಹೇಳಿದರು. 2022ರಲ್ಲಿ ‘ಕಾಂತಾರ’ ಬಂದಾಗ ದೈವದ ಕೂಗಿಗೆ ದೇಶವೇ ಎದ್ದು ಕೂತಿತು. ಇಷ್ಟಾದ ಮೇಲೂ ಮೆಲೂಹದ ಕಥೆಯನ್ನು ಅಮೀಶ್ ತ್ರಿಪಾಠಿ ಇಂಗ್ಲಿಷಿನಲ್ಲಿ ಬರೆದು ನಮ್ಮ ಹುಡುಗರ ಬ್ಯಾಗಿಗೆ ಇಳಿಸುತ್ತಾರೆ. ಎಣ್ಮೂರಿನದನ್ನು ಆ ಅಳತೆಯಲ್ಲಿ ಬರೆದು ಅದೇ ಬ್ಯಾಗಿಗೆ ಇಳಿಸುವವರು ಬೇಕಲ್ಲ.

ನಾನು ಹೋಗುವ ಗ್ರಂಥಾಲಯದ ಕಪಾಟಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು, ಯಶಸ್ಸಿನ ಸೂತ್ರ ಹೇಳುವ ಪುಸ್ತಕಗಳು ತುಂಬಿವೆ. ಯಶಸ್ವಿಯಾಗುವವರು ಆಗಲಿ, ಬೇಡ ಎನ್ನುವುದಿಲ್ಲ. ಪುಸ್ತಕ ಖರೀದಿ ಮಾಡುವ ಪಂಚಾಯತ್ ಸದಸ್ಯರಲ್ಲಿ ನನ್ನ ಕೇಳಿಕೆ ಇಷ್ಟೇ: ಮುಂದಿನ ಪಟ್ಟಿಯಲ್ಲಿ ದೇವುಡು ಅವರ ಮೂರು, ಕಂಬಾರರ ಒಂದು ಸೇರಿಸಿ. ಬರೆಯುವ ಕೈ ಇದ್ದವರು ಎಣ್ಮೂರಿನ ಮೇಲೆ ದಪ್ಪದ್ದೊಂದು ಕಾದಂಬರಿ ಬರೆಯಿರಿ, ನಾಗಬನವೂ ಇರಲಿ, ಮಂತ್ರವೂ ಇರಲಿ. ನಾನೂರು ಪುಟಕ್ಕೆ ಕಮ್ಮಿ ಮಾಡಬೇಡಿ, ನಮ್ಮ ಘಾಟಿಯ ಮಳೆಗಾಲ ಬೇಗ ಮುಗಿಯುವುದಿಲ್ಲ.