ಕರಾವಳಿಯಲ್ಲಿ ಕಮಾನು ಮನೆಯೂ ಬೇಸಗೆಯ ತರಕಾರಿಯೂ

ಪಾಲಿಥೀನ್ ಹಾಳೆ ಹೊದಿಸಿದ ಕಮಾನು ಮನೆಯು ಚಳಿದೇಶಗಳ ಬೇಸಾಯಗಾರರು ಕಂಡುಕೊಂಡ ಉಪಾಯವಾಗಿದೆ. ಅಲ್ಲಿ ಹಿಮದ ಕಾಟವಿರುವುದರಿಂದ, ನೆಲವನ್ನು ಬೆಚ್ಚಗಿರಿಸಿ ಬೆಚ್ಚನೆಯ ಕಾಲದ ಬೆಳೆಗಳನ್ನು ಮುಂಚಿತವಾಗಿ ನೆಡುವುದಕ್ಕೆ ಅದು ಸಹಾಯಕವಾಗುತ್ತದೆ. ಉಡುಪಿಯ ಸೀಮೆಯಲ್ಲಾದರೋ ಜನವರಿಯ ರಾತ್ರಿಯಲ್ಲಿಯೂ ಉಷ್ಣತೆಯು ಸುಮಾರು 20 ಡಿಗ್ರಿಗೆ ಇಳಿದರೆ ಹೆಚ್ಚು. ಇಲ್ಲಿ ಸಸಿಗಳಿಗೆ ಶತ್ರುವಾದುದು ಚಳಿಯಲ್ಲ, ಮಳೆ. ವರ್ಷಕ್ಕೆ ಹೆಚ್ಚುಕಡಿಮೆ 4000 ಮಿಲಿಮೀಟರು ಸುರಿಯುವ ಮಳೆಯ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೆ ಬಿದ್ದುಹೋಗುತ್ತದೆ. ಆದಕಾರಣ ಈ ನಾಡಿನಲ್ಲಿ ಕಮಾನು ಮನೆಯನ್ನು ಕಂಬಳಿಯಂತಲ್ಲದೆ ಕೊಡೆಯಂತೆ ಉಪಯೋಗಿಸತಕ್ಕದ್ದು.

ಈ ಭೇದವನ್ನು ಆಲೋಚಿಸದೆ, ನಾಲ್ಕು ಕಡೆಯೂ ಮುಚ್ಚಿದ ದೊಡ್ಡ ಮನೆಗಳನ್ನು ಕಟ್ಟಿಸಿ ಕೈಸುಟ್ಟುಕೊಳ್ಳುವ ಜಮೀನುದಾರರುಂಟು. ಮಾರ್ಚ್ ತಿಂಗಳ ಮಧ್ಯಾಹ್ನ ಅಂತಹ ಮನೆಯೊಳಗೆ ನಿಲ್ಲಲಾಗದು. ಸುಮಾರು 35 ಡಿಗ್ರಿಯ ಮೇಲೆ ಬದನೆಯ ಹೂವು ಉದುರುತ್ತದೆ. ಟೊಮೇಟೊ ಗಿಡಕ್ಕೆ ರಾತ್ರಿಯ ಉಷ್ಣತೆಯು 24 ಡಿಗ್ರಿ ದಾಟಿದರೆ ಕಾಯಿ ಕಚ್ಚುವುದೇ ಕಷ್ಟ. ಸೌತೆ, ಹೀರೆ, ಹಾಗಲಗಳಿಗೆ ಜೇನುನೊಣ ಬಾರದೆ ಕಾಯಿಯಿಲ್ಲ; ಬಲೆಯಿಂದ ಬಿಗಿದ ಮನೆಗೆ ಜೇನು ಎಲ್ಲಿಂದ ಬರಬೇಕು?

ಕಮಾನು ಮನೆಯ ನಿಜವಾದ ಪ್ರಯೋಜನವು ಸಸಿಮಡಿಯಲ್ಲಿದೆ. ಮಳೆ ನಿಂತ ಮೇಲೆ ಅಕ್ಟೋಬರ್ ಮಧ್ಯದಲ್ಲಿ ಬೀಜ ಹಾಕಿದವನ ಬದನೆಯ ಸಸಿಯು ಗದ್ದೆಗೆ ಹೋಗುವುದು ನವೆಂಬರ್ ಕೊನೆಗೆ, ಕಾಯಿ ಕೊಯ್ಯುವುದು ಫೆಬ್ರವರಿಗೆ. ಏಪ್ರಿಲಿನಲ್ಲಿ ಬಾವಿಯ ನೀರು ಪಾತಾಳ ಸೇರುವುದರಿಂದ ಅವನಿಗೆ ದೊರೆಯುವುದು ಎರಡು ತಿಂಗಳ ಫಸಲು ಮಾತ್ರ. ಸೆಪ್ಟೆಂಬರ್ ಎರಡನೆಯ ವಾರದಲ್ಲಿ ಹಾಳೆಯ ಕೆಳಗೆ ಬೀಜ ಹಾಕಿದವನಾದರೆ ಏಣೆಲು ಪೈರು ಕೊಯ್ದ ಬೆನ್ನಿಗೇ ನೆಟ್ಟು, ಡಿಸೆಂಬರ್ ಕೊನೆಗೆ ಕಾಯಿ ಕಾಣುತ್ತಾನೆ. ಲೆಕ್ಕವನ್ನು ಹಿಂದಿನಿಂದ ಹಾಕಬೇಕು: ಗದ್ದೆ ಬಿಡುವಾಗುವ ದಿನದಿಂದ 30 ಅಥವಾ 35 ದಿನ ಹಿಂದಕ್ಕೆ ಎಣಿಸಿ ಬೀಜ ಹಾಕುವುದು. ಭತ್ತವಿಲ್ಲದ ಬೆಟ್ಟು ಭೂಮಿಗೆ ಇದಕ್ಕಿಂತಲೂ ಮುಂಚೆ ಹಾಕಬಹುದು. ಮಟ್ಟುವಿನ ಗುಳ್ಳವು 2011ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಬೆಳೆ. ಅಂತಹ ಬೆಳೆಗೆ ಒಂದು ತಿಂಗಳು ಮುಂಚಿನ ಫಸಲು ಸಣ್ಣ ಲಾಭವಲ್ಲ.

ಮಡಿಯನ್ನು ಗೇಣುದ್ದ ಎತ್ತರಿಸಿ, ಹಾಳೆಯನ್ನು ಮೇಲಕ್ಕೆ ಮಾತ್ರ ಹೊದಿಸಿ, ಪಕ್ಕಗಳನ್ನು ಗಾಳಿಗೆ ತೆರೆದಿಡಬೇಕು. ಗಾಳಿಯಾಡದಿದ್ದರೆ ಎಳೆ ಸಸಿಗಳ ಬುಡ ಕೊಳೆತು ರಾತ್ರಿ ಬೆಳಗಾಗುವುದರೊಳಗೆ ಉರುಳುತ್ತವೆ. ನೀರನ್ನು ಬೆಳಿಗ್ಗೆ, ಅದೂ ಮಿತವಾಗಿ ಕೊಡತಕ್ಕದ್ದು. ನೆಡುವ ವಾರದ ಮೊದಲು ಸಸಿಗಳಿಗೆ ಬಿಸಿಲು ತೋರಿಸಿ ಗಟ್ಟಿಮಾಡದಿದ್ದರೆ ಗದ್ದೆಯಲ್ಲಿ ಬಾಡುವುದು ಖಂಡಿತ. ಬದನೆ, ಮೆಣಸು, ಟೊಮೇಟೊಗಳು ಒಂದೇ ಕುಟುಂಬಕ್ಕೆ ಸೇರಿದುದರಿಂದ ಅದೇ ಮಡಿಯಲ್ಲಿ ವರ್ಷವರ್ಷವೂ ಇವನ್ನೇ ಹಾಕಿದರೆ ಸೊರಗು ರೋಗವು ಮಣ್ಣಿನಲ್ಲಿ ಬೇರೂರುತ್ತದೆ. ಭತ್ತದ ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲುವುದರಿಂದ ಈ ರೋಗದ ಕಾಟವು ಅಷ್ಟರಮಟ್ಟಿಗೆ ಕಡಮೆ. ಹಿರಿಯರು ಗುಳ್ಳವನ್ನು ಭತ್ತದ ಬೆನ್ನಿಗೆ ಬೆಳೆಸುತ್ತಿದ್ದುದು ಸುಮ್ಮನೆ ಅಲ್ಲ.

ಸ್ಥಳದ ಗುಣವನ್ನೂ ನೋಡಬೇಕು. ಕಾಪುವಿನ ಕಡಲ ಬದಿಯಲ್ಲಿ ಉಪ್ಪುಗಾಳಿಗೆ ಕಬ್ಬಿಣದ ಕೊಳವೆ ಬೇಗನೆ ತುಕ್ಕು ಹಿಡಿಯುತ್ತದೆ. ಬೇಸಗೆಯಲ್ಲಿ ಬಾವಿಗೆ ಉಪ್ಪುನೀರು ನುಗ್ಗುವ ಭಯವೂ ಉಂಟು. ಮಣಿಪಾಲದ ಮುರಕಲ್ಲಿನ ದಿಬ್ಬದಲ್ಲಿ ಗಾಳಿಯ ಹೊಡೆತ ಬಲವಾದುದರಿಂದ ಕಮಾನು ತಗ್ಗಾಗಿರುವುದು ಲೇಸು. ಘಟ್ಟದ ಬುಡದ ಕಾರ್ಕಳದಲ್ಲಿ ಮಳೆ ಇನ್ನೂ ಹೆಚ್ಚು, ಅಡಕೆ ತೋಟದ ನೆರಳೂ ಹೆಚ್ಚು. ಅಲ್ಲಿ ಬಿಸಿಲು ಬೀಳುವ ಬಯಲನ್ನೇ ಆರಿಸಬೇಕು.

ಒಂದು ಎಕರೆಗೆ ಬೇಕಾಗುವ ಬದನೆಯ ಸಸಿಗಳಿಗೆ ಸುಮಾರು ಒಂದು ಸೆಂಟ್ಸ್ ಮಡಿ ಸಾಕು. ಹೀಗಿರುವಾಗ ಪ್ರತಿಯೊಬ್ಬನೂ ಬೇರೆಬೇರೆಯಾಗಿ ಸಾಲಮಾಡಿ ಮನೆ ಕಟ್ಟುವ ಅವಶ್ಯಕತೆಯೇನು? ಊರಿನ ಮುಖಂಡರು ಮುಂದೆ ನಿಂತು ಹತ್ತು ಮನೆಗಳಿಗೆ ಸೇರಿ ಹತ್ತು ಸೆಂಟ್ಸಿನ ಒಂದೇ ಚಪ್ಪರವನ್ನು ಏರ್ಪಡಿಸಿದರೆ, ಬಡ ಗೇಣಿದಾರನ ಮಗನಿಗೂ ಸಕಾಲದಲ್ಲಿ ಸಸಿ ದೊರೆಯುವುದು. ಬೀಜ ಹಾಕುವ ವಿಷಯದಲ್ಲಿ ಸಂದೇಹವುಳ್ಳವರು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಸಸಿ ಹೊರಟುಹೋದ ಮೇಲೆ ಹಾಳೆಯನ್ನು ಬಿಸಿಲಿಗೆ ಬಿಟ್ಟು ಹಾಳುಮಾಡದೆ ತೊಳೆದು ಸುತ್ತಿಟ್ಟರೆ, ಜೂನ್ ತಿಂಗಳಲ್ಲಿ ಘಟ್ಟದ ಮೇಲಿನ ತರಕಾರಿಗೆ ಬೆಲೆಯೇರುವಾಗ ಅದೇ ಚಪ್ಪರದಡಿ ಹರಿವೆಯನ್ನೂ ಬೆಳೆದುಕೊಳ್ಳಬಹುದು.