ಗೃಹಿಣಿಯರ ಆರೋಗ್ಯ: ದೂರದ ವಿಮಾನಯಾನ

ಮಗಳ ಬಾಣಂತನಕ್ಕೆಂದು ಅಮೆರಿಕಾ ದೇಶಕ್ಕೆ ಹೊರಡುವ ತಾಯಂದಿರು ಈಗ ನಮ್ಮ ನಾಡಿನಲ್ಲಿ ಅನೇಕರು. ಮೆಂತ್ಯದ ಹಿಟ್ಟು, ಸಾರಿನ ಪುಡಿ, ಕೂಸಿನ ಕುಲಾವಿ ಇವೆಲ್ಲವನ್ನೂ ತಿಂಗಳ ಮುಂಚೆಯೇ ಅಣಿಮಾಡುವ ಈ ಮಾತೆಯರು ತಮ್ಮ ಶರೀರದ ಯೋಚನೆಯನ್ನು ಮಾತ್ರ ಮಾಡುವುದಿಲ್ಲ.

2021ನೆಯ ಜನವರಿಯಲ್ಲಿ ಸ್ತ್ರೀಯರೇ ನಡೆಸಿದ ವಿಮಾನವೊಂದು ಸಾನ್ ಫ್ರಾನ್ಸಿಸ್ಕೋದಿಂದ ಎಲ್ಲಿಯೂ ಇಳಿಯದೆ ಬೆಂಗಳೂರಿಗೆ ಬಂದಿತು. ಹಿಡಿದ ಕಾಲ ಸುಮಾರು 17 ಗಂಟೆ. ಅಷ್ಟು ಹೊತ್ತು ಅಲುಗದೆ ಕುಳಿತರೆ ಕಾಲಿನ ರಕ್ತಸಂಚಾರವು ಮಂದವಾಗಿ, ಒಳನಾಳಗಳಲ್ಲಿ ರಕ್ತವು ಹೆಪ್ಪುಗಟ್ಟುವ ಸಂಭವವುಂಟು. ಆ ಹೆಪ್ಪು ಶ್ವಾಸಕೋಶವನ್ನು ಸೇರಿದರೆ ಪ್ರಾಣಾಪಾಯ. 4 ಗಂಟೆಗೆ ಮೀರಿದ ಪ್ರಯಾಣದಲ್ಲಿ ಈ ಅಪಾಯವು ಸುಮಾರು ಇಮ್ಮಡಿಯಾಗುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ತಿಳಿಸಿತು. ಇಮ್ಮಡಿಯಾದರೂ ಅದು ವಿರಳವೇ. ಆದಕಾರಣ ಭಯ ಬೇಡ, ಎಚ್ಚರಿಕೆ ಸಾಕು.

ದಾರಿಯ ಪಕ್ಕದ ಆಸನವನ್ನು ಮುಂಚಿತವಾಗಿಯೇ ಕೇಳಿ ಪಡೆಯತಕ್ಕದ್ದು. ಗಂಟೆಗೊಮ್ಮೆ ಪಾದಗಳನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ, ಸಾಧ್ಯವಾದಾಗ ಎದ್ದು ನಾಲ್ಕು ಹೆಜ್ಜೆ ನಡೆಯತಕ್ಕದ್ದು. ಪದೇಪದೇ ಏಳಬೇಕಾದೀತೆಂಬ ಸಂಕೋಚದಿಂದ ನೀರನ್ನೇ ಕುಡಿಯದಿರುವವರುಂಟು. ವಿಮಾನದೊಳಗಿನ ಗಾಳಿಯು ಬಹಳ ಶುಷ್ಕವಾದುದರಿಂದ ಹಾಗೆ ಮಾಡಕೂಡದು. ನಿತ್ಯದ ಔಷಧಗಳೂ ವೈದ್ಯರ ಚೀಟಿಯೂ ಕೈಚೀಲದಲ್ಲಿಯೇ ಇರಲಿ. ಹಿಂದೆ ರಕ್ತ ಹೆಪ್ಪುಗಟ್ಟಿದ್ದವರೂ ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರೂ ವೈದ್ಯರನ್ನು ಕೇಳದೆ ಹೊರಡಬಾರದು.

ಇಳಿದ ಮೇಲೆ ಒಂದು ಕಾಲಿನ ಮೀನಖಂಡವು ಬಾತು ನೋಯತೊಡಗಿದರೆ ಪ್ರಯಾಣದ ದಣಿವೆಂದು ಸುಮ್ಮನಿರದೆ ಅಂದೇ ವೈದ್ಯರಿಗೆ ತೋರಿಸತಕ್ಕದ್ದು. ಎದೆನೋವು, ಮೇಲುಸಿರು ಕಂಡರಂತೂ ಕ್ಷಣವೂ ತಡೆಯಲಾಗದು. ಬಾಣಂತಿಯ ಆರೈಕೆಗೆ ಹೋದವರೇ ಹಾಸಿಗೆ ಹಿಡಿದರೆ ಆ ದೂರದೇಶದಲ್ಲಿ ಮಗಳಿಗೆ ಆಸರೆ ಯಾರೆಂಬುದನ್ನು ತಾಯಂದಿರು ಯೋಚಿಸಬೇಕೆಂದು ನಾವು ಬೇಡುತ್ತೇವೆ.