ಸೈಕಲಿಗೇಕೆ ನಾಚಿಕೆ?

ಯಲಬುರ್ಗಾ, ಕುಷ್ಟಗಿಯಂತಹ ಊರುಗಳನ್ನು ಅರ್ಧ ತಾಸಿನ ನಡಿಗೆಯಲ್ಲಿ ದಾಟಬಹುದು. ಕೊಪ್ಪಳ, ಗಂಗಾವತಿಗಳು ದೊಡ್ಡ ಊರುಗಳೇ ಆದರೂ ಸೈಕಲಿಗೆ ದೂರವೇನಲ್ಲ. ಆದರೂ ಓಣಿಯ ತುದಿಯಿಂದ ಹಾಲಿನ ಪ್ಯಾಕೆಟ್ ತರಲು, ಕೂಗಳತೆಯ ಮಸೀದಿಗೆ ಹೋಗಲು ನಮಗೆ ಬೈಕು ಬೇಕು. ಬಿಸಿಲು 40 ಡಿಗ್ರಿ ಮುಟ್ಟುವ ಸೀಮೆ ನಮ್ಮದು, ನಿಜ. ಆದರೆ ಹಿಂದಿನ ತಲೆಮಾರು ಇದೇ ಬಿಸಿಲಿನಲ್ಲಿ ಸೈಕಲ್ ತುಳಿದೇ ದುಡಿಯಿತು, ಮಕ್ಕಳನ್ನು ಓದಿಸಿತು.

ಕಾರಣ ಬಿಸಿಲೂ ಅಲ್ಲ, ದೂರವೂ ಅಲ್ಲ. ಸೈಕಲ್ ಎಂದರೆ ಹಮಾಲಿಯದು, ಗುಜರಿಯವನದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆಯನ್ನು ಪೋಷಿಸುತ್ತಿರುವುದು ನಮ್ಮ ನಿಕಾಹ್ ಮಾತುಕತೆಗಳು. ಮಹ್ರ್ ಕೊಡಬೇಕಾದ ವರನು ಬೈಕಿನ ಕೀಲಿಕೈಗಾಗಿ ಕೈಚಾಚುತ್ತಾನೆ. ಅದಕ್ಕೆ 'ಉಡುಗೊರೆ' ಎಂಬ ಗೌರವದ ಹೆಸರು ಬೇರೆ! ಸಾಲ ಮಾಡುವವನು ಮಾತ್ರ ವಧುವಿನ ತಂದೆ. ಇನ್ನು ಹೈಸ್ಕೂಲಿನ ಹುಡುಗನ ಕೈಗೆ ಬೈಕ್ ಕೊಟ್ಟು ಹೆಮ್ಮೆಪಡುವ ಪಾಲಕರು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯನ್ನು ನೆನಪಿಡಬೇಕು. ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪಾಲಕರಿಗೆ 3 ವರ್ಷಗಳವರೆಗೆ ಜೈಲು ಮತ್ತು 25,000 ರೂ. ದಂಡ ವಿಧಿಸಬಹುದಾಗಿದೆ.

ಹೆಣ್ಣುಮಕ್ಕಳ ವಿಷಯ ಇದಕ್ಕಿಂತ ಗಂಭೀರ. 2006-07ರಲ್ಲಿ ರಾಜ್ಯ ಸರಕಾರವು 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಆರಂಭಿಸಿತು. ಕೋವಿಡ್ ಕಾಲದಲ್ಲಿ ಅದು ನಿಂತುಹೋಯಿತು. ಆದರೆ ಸರಕಾರ ಕೊಟ್ಟ ಸೈಕಲನ್ನು ನಾವೆಷ್ಟು ಮನೆಗಳಲ್ಲಿ ಮಗಳ ಕೈಯಲ್ಲಿ ಉಳಿಯಗೊಟ್ಟೆವು? ದೊಡ್ಡವಳಾದಳು ಎಂಬ ಕಾರಣಕ್ಕೆ ಅದು ತಮ್ಮನ ಪಾಲಾಯಿತು. ಜೊತೆಗೆ ಕಳುಹಿಸಲು ಯಾರೂ ಇಲ್ಲವೆಂದು ಆಕೆಯ ಕಾಲೇಜೂ ನಿಂತಿತು. ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನವು ಅಕ್ಷರದೊಂದಿಗೆ ಸೈಕಲನ್ನೂ ಕಲಿಸಿತು. ಕಲಿತ ಅಸಂಖ್ಯ ಗ್ರಾಮೀಣ ಮಹಿಳೆಯರಲ್ಲಿ ಮುಸ್ಲಿಮ್ ಯುವತಿಯರೂ ಇದ್ದರು. ಪತ್ರಕರ್ತ ಪಿ. ಸಾಯಿನಾಥ್ ಇದನ್ನು ವಿವರವಾಗಿ ದಾಖಲಿಸಿದ್ದಾರೆ. ನೀರು ತರಲು, ಕೆಲಸಕ್ಕೆ ಹೋಗಲು ಗಂಡಸರ ದಾರಿ ಕಾಯುವುದು ಅವರಿಗೆ ತಪ್ಪಿತು. ಅಲ್ಲಿ ಸಾಧ್ಯವಾದದ್ದು ಗಂಗಾವತಿಯಲ್ಲಿ ಏಕೆ ಅಸಾಧ್ಯ?

ಭಯವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಪೋಲಿಗಳ ಚುಡಾಯಿಸುವಿಕೆಯೂ ಲಾರಿಗಳ ಓಡಾಟವೂ ಇವೆ. ಕೊಪ್ಪಳದ ಮೂಲಕ ಹೆದ್ದಾರಿಯೇ ಸಾಗಿದೆ. ಪಾದಚಾರಿಗೆ ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯಡಿ ರಕ್ಷಿತವೆಂದು ಸುಪ್ರೀಮ್ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. 371(ಜೆ)ಯ ಹೆಸರಿನಲ್ಲಿ ಈ ಭಾಗಕ್ಕೆ ಅನುದಾನ ಬರುತ್ತಿದೆ. ರಸ್ತೆ ಅಗಲೀಕರಣವೆಂದರೆ ವಾಹನಗಳಿಗೆ ಜಾಗ ಮಾಡಿಕೊಡುವುದು ಮಾತ್ರವೇ ಎಂದು ನಗರಸಭೆ, ಪುರಸಭೆಗಳ ಸದಸ್ಯರನ್ನು ಕೇಳಬೇಕಾಗಿದೆ. ಫುಟ್‌ಪಾತ್ ತೆರವೆಂದರೆ ತಳ್ಳುಗಾಡಿಯ ಬಡವನನ್ನು ಓಡಿಸುವುದೆಂದು ಅಧಿಕಾರಿಗಳು ಭಾವಿಸಿದ್ದಾರೆ. ಆತನಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ರಕ್ಷಣೆಯಿದೆ. ಮೆಟ್ಟಿಲನ್ನು ರಸ್ತೆಗಿಳಿಸಿದ ದೊಡ್ಡ ಅಂಗಡಿಗೆ ಯಾವ ಕಾಯ್ದೆಯ ರಕ್ಷಣೆಯಿದೆ?

ಕೇಳುವ ಮುನ್ನ ಜುಮಾ ದಿನ ನಮ್ಮ ಮಸೀದಿಗಳ ಮುಂದಿನ ದೃಶ್ಯವನ್ನೊಮ್ಮೆ ನೋಡೋಣ. ಅಡ್ಡಾದಿಡ್ಡಿ ನಿಲ್ಲಿಸಿದ ಬೈಕುಗಳ ನಡುವೆ ವೃದ್ಧರು ದಾಟಲಾರರು, ಆಂಬುಲೆನ್ಸ್ ಬಂದರೆ ದಾರಿಯಿಲ್ಲ. ದಾರಿಗೂ ಹಕ್ಕಿದೆಯೆಂದು, ದಾರಿಯ ಅಡ್ಡಿಯನ್ನು ಸರಿಸುವುದು ಈಮಾನಿನ ಭಾಗವೆಂದು ಕಲಿಸಿದ ಪ್ರವಾದಿಯವರ(ಸ) ಅನುಯಾಯಿಗಳು ನಾವು. ಮಸೀದಿಯ ಸಮೀಪಕ್ಕೆ ಮನೆ ಬದಲಿಸಲು ಹೊರಟ ಬನೂ ಸಲಿಮಾ ಗೋತ್ರದವರಿಗೆ, ದೂರದಿಂದ ನಡೆದು ಬರುವ ಹೆಜ್ಜೆಗಳಿಗೂ ಪ್ರತಿಫಲವಿದೆಯೆಂದು ಪ್ರವಾದಿಯವರು(ಸ) ತಿಳಿಸಿದ್ದರು. ಮಸೀದಿ ಕಮಿಟಿಗಳು ಮುಂದಿನ ಶುಕ್ರವಾರವೇ ಅಂಗಳದ ಒಂದು ಮೂಲೆಯನ್ನು ಸೈಕಲುಗಳಿಗೆ ಮೀಸಲಿಡಲಿ. ಆ ದಿನ ಕಮಿಟಿಯ ಅಧ್ಯಕ್ಷರೇ ನಡೆದು ಬಂದರೆ ಇನ್ನೂ ಉತ್ತಮ.